ಬೇರೆ ಇರಬೇಕು, ಆದರೆ ವಿಚ್ಛೇದನ ಬೇಡ

ಪ್ರಶ್ನೆ: ಮದುವೆಯಾಗಿ 11 ವರ್ಷವಾಯಿತು. ಗಂಡನಿಗೆ ಕುಡಿತದ ಚಟ. ರಾತ್ರಿ ಹೊಡೆಯುತ್ತಾರೆ, ಬೆಳಿಗ್ಗೆ ಕಾಲು ಹಿಡಿದು ಅಳುತ್ತಾರೆ. ಎಷ್ಟೋ ಸಲ ಕ್ಷಮಿಸಿದ್ದೇನೆ. ಮಗಳಿಗೆ ಒಂಬತ್ತು ವರ್ಷ. ವಿಚ್ಛೇದನಕ್ಕೆ ಮನಸ್ಸು ಒಪ್ಪುತ್ತಿಲ್ಲ. ಛಾಪಾ ಕಾಗದದ ಮೇಲೆ ಬರೆಸಿಕೊಂಡು ಬೇರೆ ಇರಿ ಎನ್ನುತ್ತಾರೆ ಹಿರಿಯರು. ಅದು ಸಾಕೇ? ಮನೆ ಮಾವನ ಹೆಸರಿನಲ್ಲಿದೆ.
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಸಾಲದು. ಸಾಲದು ಮಾತ್ರವಲ್ಲ, ಆ ಕಾಗದ ನಿಮಗೇ ಮುಳ್ಳಾಗಬಹುದು. ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125) ಅಡಿ ಜೀವನಾಂಶವಿಲ್ಲ. ನಾಳೆ ಅವರ ವಕೀಲರು ಮೊದಲು ತೋರಿಸುವುದು ನಿಮ್ಮ ಸಹಿಯನ್ನೇ. ಪಂಚಾಯಿತಿ ಕಟ್ಟೆಯ ಈ ಪರಿಹಾರದಿಂದ ಪೆಟ್ಟು ತಿಂದ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೀವು ಕೇಳುತ್ತಿರುವುದಕ್ಕೆ ಕಾನೂನಿನಲ್ಲಿ ನ್ಯಾಯಿಕ ಪ್ರತ್ಯೇಕತೆ ಎಂಬ ದಾರಿಯಿದೆ. ಹಿಂದೂ ವಿವಾಹ ಕಾಯ್ದೆ, 1955ರ 10ನೇ ಸೆಕ್ಷನ್. ಮದುವೆ ಉಳಿಯುತ್ತದೆ, ಒಟ್ಟಿಗೆ ಬಾಳಲೇಬೇಕೆಂಬ ಕಟ್ಟು ಇರುವುದಿಲ್ಲ, ಇಬ್ಬರೂ ಮರುಮದುವೆಯಾಗುವಂತಿಲ್ಲ. ಕುಡಿತವೊಂದೇ ಇದಕ್ಕೆ ಆಧಾರವಲ್ಲ. ಕುಡಿದು ಹೊಡೆಯುವುದು, ಬೈಯುವುದು, ಮನೆ ಖರ್ಚಿಗೆ ಕೊಡದಿರುವುದು, ಇವೆಲ್ಲ ಸೇರಿ ಕ್ರೌರ್ಯವೆಂದು ಸಾಬೀತಾಗಬೇಕು. ಕ್ಷಮಿಸಿದ್ದೇ ತಪ್ಪಾಯಿತೇ ಎಂದು ಕೊರಗಬೇಡಿ: ಕ್ಷಮೆಯ ನಂತರ ಮತ್ತೆ ಹೊಡೆದರೆ ಹಳೆಯ ಘಟನೆಗಳಿಗೂ ಜೀವ ಬರುತ್ತದೆ.

ಒಂದು ಎಚ್ಚರಿಕೆ. ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪು, ಆದ ಮೇಲೆ ಒಂದು ವರ್ಷ ನೀವಿಬ್ಬರೂ ಒಂದಾಗದಿದ್ದರೆ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು, ನಿಮ್ಮ ಗಂಡನೂ ಸೇರಿ. ವಿಚ್ಛೇದನವೇ ಬೇಡ ಎನ್ನುವವರು ಇದನ್ನು ತಿಳಿದೇ ಅರ್ಜಿ ಹಾಕಬೇಕು.

ಆದರೆ ಕೌಟುಂಬಿಕ ನ್ಯಾಯಾಲಯದ ಡಿಕ್ರಿ ಕೈಗೆ ಬರಲು ಸಮಯ ಹಿಡಿಯುತ್ತದೆ. ಇವತ್ತು ರಾತ್ರಿಯ ಏಟಿಗೆ ಅದು ಅಡ್ಡ ಬರುವುದಿಲ್ಲ. ಹಾಗಾಗಿ ಮೊದಲು ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ. ಇದಕ್ಕೆ ವಿಚ್ಛೇದನದ ಮಾತೇ ಎತ್ತಬೇಕಿಲ್ಲ. ರಕ್ಷಣೆ, ಜೀವನಾಂಶ, ಮಗಳ ತಾತ್ಕಾಲಿಕ ಪಾಲನೆ ಮೂರನ್ನೂ ಅಲ್ಲೇ ಕೇಳಬಹುದು. ಮಧ್ಯಂತರ ಆದೇಶವೂ ಸಿಗುತ್ತದೆ. ಮನೆ ಮಾವನದು ಎಂಬುದು ದೊಡ್ಡ ಅಡ್ಡಿಯಲ್ಲ. ಸಂಸಾರ ಹೂಡಿದ ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ಸೊಸೆ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಗತ್ಯ ಕಂಡರೆ ಗಂಡನನ್ನೇ ಮನೆಯಿಂದ ಹೊರಗಿರುವಂತೆ ನ್ಯಾಯಾಲಯ ಆದೇಶಿಸಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು.

ಏಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾರಣವನ್ನು ಇದ್ದಂತೆ ಹೇಳಿ ಚೀಟಿ ಮಾಡಿಸಿಕೊಳ್ಳಿ. ‘ಜಾರಿ ಬಿದ್ದೆ’ ಎಂದು ಬರೆಸಿದ ಚೀಟಿ ಎಷ್ಟೋ ಪ್ರಕರಣಗಳನ್ನು ಕೆಡಿಸಿದೆ. ವಕೀಲರ ಶುಲ್ಕದ ಚಿಂತೆ ಬೇಡ: ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ತುರ್ತಿದ್ದರೆ ಮಹಿಳಾ ಸಹಾಯವಾಣಿ 181. ಅಲ್ಲಿಯವರೆಗೆ ಹಿರಿಯರು ಮುಂದಿಡುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.