ಎಡಕ್ಕೆ ನುಣುಪು, ಬಲಕ್ಕೆ ನೊರೆ: ದೋಣಿಯ ವೇಕ್ ಕುರಿತು ಓದುಗರ ಪ್ರಶ್ನೆಗಳು

ವೇಕ್‌ಬೋರ್ಡಿಂಗ್ ಎಂದರೆ ವೇಗವಾಗಿ ಸಾಗುವ ದೋಣಿಯ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ದೋಣಿ ತನ್ನ ಬೆನ್ನಿಗೆ ಎಬ್ಬಿಸುವ ಅಲೆಯನ್ನೇ ಏರುಗಲ್ಲು ಮಾಡಿಕೊಂಡು ಹಾರುವ ಆಟ. ಆ ಅಲೆಯನ್ನು ಆಡುವವರೆಲ್ಲ ವೇಕ್ ಎಂದೇ ಕರೆಯುತ್ತಾರೆ. ‘ಬೆನ್ನಲೆ’ ಎಂದು ಬರೆಯುವ ಆಸೆ ನನಗಿದ್ದರೂ, ನೀರಿನ ಮೇಲೆ ಯಾರ ಬಾಯಲ್ಲೂ ಬಾರದ ಪದವನ್ನು ಅಂಕಣದಲ್ಲಿ ಹೇರುವುದು ಸರಿಯಲ್ಲವೆಂದು ವೇಕ್ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ಈ ವಿಷಯವಾಗಿ ಬೆಂಗಳೂರಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಐವರು ಸ್ನೇಹಿತರು ಸೇರಿ, ಎಂಜಿನ್ ಒಳಗೇ ಇರುವ 20 ಅಡಿಯ ಹಳೆಯ ದೋಣಿಯೊಂದನ್ನು ಕೊಂಡಿದ್ದೇವೆ. ಅನುಮತಿ ಪಡೆದು, ತಿಂಗಳಿಗೆ ಎರಡು ಬಾರಿ ಕರಾವಳಿಯ ನದೀಮುಖವೊಂದಕ್ಕೆ ಹೋಗಿ ಅಭ್ಯಾಸ ಮಾಡುತ್ತೇವೆ. ಎಡಬದಿಯ ವೇಕ್ ನುಣುಪಾಗಿ ಏಳುತ್ತದೆ. ಬಲಬದಿಯದು ತುದಿಯಲ್ಲೇ ಕುಸಿದು ನೊರೆಯಾಗುತ್ತದೆ. ಹಿಂಭಾಗದಲ್ಲಿ 400 ಲೀಟರ್ ನೀರಿನ ಚೀಲ ಇಟ್ಟರೂ ನೊರೆ ಹೋಗಲಿಲ್ಲ. ಇನ್ನಷ್ಟು ತೂಕ ಹೇರಬೇಕೆ? — ಜಯನಗರದ ಓದುಗರು

ಉತ್ತರ: ಬೇಡ. ಈಗಿರುವ ತೂಕವನ್ನೇ ಸರಿಯಾದ ಜಾಗಕ್ಕೆ ಸರಿಸಿದರೆ ನಿಮ್ಮ ತೊಂದರೆಯ ಬಹುಪಾಲು ಅಲ್ಲಿಯೇ ಮುಗಿಯುತ್ತದೆ.

ವೇಕ್ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಓಡುವ ದೋಣಿ ನೀರನ್ನು ಕೆಳಕ್ಕೂ ಪಕ್ಕಕ್ಕೂ ಒತ್ತಿ, ತನ್ನ ಹಿಂದೆ ಒಂದು ಹಳ್ಳವನ್ನು ಬಿಟ್ಟುಹೋಗುತ್ತದೆ. ಆ ಹಳ್ಳದ ಎರಡು ದಡಗಳೇ ನೀವು ಹಾರುವ ವೇಕ್‌ಗಳು. ದೋಣಿ ಒಂದು ಬದಿಗೆ ಕೊಂಚ ವಾಲಿದ್ದರೆ ಹಳ್ಳವೂ ಓರೆಯಾಗಿ, ತಗ್ಗಿದ ಬದಿಯ ದಡ ಗಟ್ಟಿಯಾಗಿಯೂ ಮೇಲೆದ್ದ ಬದಿಯ ದಡ ಸಡಿಲವಾಗಿಯೂ ಆಗುತ್ತದೆ. ವೇಕ್‌ಸರ್ಫಿಂಗ್ ಆಡುವವರು, ಅಂದರೆ ಎದ್ದು ನಿಂತ ಮೇಲೆ ಹಗ್ಗ ಬಿಟ್ಟು ದೋಣಿಯ ಅಲೆಯ ಮೇಲೆಯೇ ಜಾರುವವರು, ಬೇಕೆಂದೇ ದೋಣಿಯನ್ನು ಒಂದು ಬದಿಗೆ ವಾಲಿಸಿ, ಆ ಬದಿಯಲ್ಲಿ ಒಂದೇ ಒಂದು ನುಣುಪಾದ ಅಲೆ ಪಡೆದು, ಇನ್ನೊಂದು ಬದಿಯನ್ನು ನೊರೆಗೆ ಬಿಟ್ಟುಕೊಡುತ್ತಾರೆ. ಅವರು ಬಯಸಿ ಮಾಡುವುದು ನಿಮ್ಮ ದೋಣಿಯಲ್ಲಿ ಬಯಸದೆ ಆಗುತ್ತಿದೆ.

ವಾಲುವಿಕೆಗೆ ನಿಮ್ಮ ದೋಣಿಯಲ್ಲಿ ಎರಡು ಕಾರಣಗಳಿರಬಹುದು. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿದ್ದರೆ, ಅದರ ಪ್ರತಿಬಲ ದೋಣಿಯ ಒಡಲನ್ನು ವಿರುದ್ಧ ದಿಕ್ಕಿಗೆ ತಿರುಚಿ ಎಡಬದಿಯನ್ನು ಕೆಳಕ್ಕೆ ಒತ್ತುತ್ತದೆ. ಚಾಲಕನ ಆಸನ ಬಲಗಡೆ ಇರುವುದರಿಂದ ಇದು ಸ್ವಲ್ಪ ಸರಿದೂಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಎರಡನೆಯ ಕಾರಣ ನೀವೇ. ಚಾಲಕನ ಎದುರು ಬದಿಯ ಸೀಟಿನಲ್ಲಿ ಹಿಂದಕ್ಕೆ ಮುಖಮಾಡಿ ಸವಾರನನ್ನು ನೋಡುತ್ತ ಕೂರುವ ಗೆಳೆಯ, ಅವನ ಮಗ್ಗುಲಿನ ಐಸ್ ಪೆಟ್ಟಿಗೆ, ಎಲ್ಲರ ಚೀಲಗಳು, ಇವೆಲ್ಲ ಸಾಮಾನ್ಯವಾಗಿ ಎಡಗಡೆಯೇ ಬಂದು ಸೇರುತ್ತವೆ.

ಪರೀಕ್ಷೆಗೆ ಉಪಕರಣವೇನೂ ಬೇಡ. ಮುಕ್ಕಾಲು ತುಂಬಿದ ನೀರಿನ ಬಾಟಲಿಯೊಂದನ್ನು ಮಟ್ಟಸವಾದ ನೆಲದ ಮೇಲೆ, ದೋಣಿಗೆ ಅಡ್ಡಲಾಗಿ ಮಲಗಿಸಿ ಅಲುಗದಂತೆ ಬಟ್ಟೆ ಒತ್ತಿರಿಸಿ. ದೋಣಿ ನಿಂತಿರುವಾಗ ಒಳಗಿನ ಗಾಳಿ ಎಲ್ಲಿದೆ ಎಂದು ಗುರುತು ಹಾಕಿ, ಸವಾರನನ್ನು ಎಳೆಯುವ ವೇಗಕ್ಕೆ ಬಂದ ಮೇಲೆ ಮತ್ತೆ ನೋಡಿ. ಗಾಳಿ ಬಲಕ್ಕೆ ಸರಿದಿದ್ದರೆ ಬಲಬದಿ ಎದ್ದಿದೆ ಎಂದು ಅರ್ಥ. ನಿಂತ ದೋಣಿ ಮಟ್ಟವಾಗಿದೆ ಎಂಬುದನ್ನು ನಂಬಿ ಮೋಸಹೋಗಬೇಡಿ, ಏಕೆಂದರೆ ಪ್ರೊಪೆಲರಿನ ತಿರುಚು ಕಾಣಿಸಿಕೊಳ್ಳುವುದು ಓಡುವಾಗ ಮಾತ್ರ. ಆಮೇಲೆ ನೊರೆ ಏಳುವ ಬದಿಗೆ, ಅಂದರೆ ಬಲಕ್ಕೆ, 30ರಿಂದ 40 ಕಿಲೋ ಸರಿಸಿ. ಹೆಚ್ಚಿನ ಸಲ ಐಸ್ ಪೆಟ್ಟಿಗೆಯೊಂದೇ ಸಾಕು. ಸಾಲದಿದ್ದರೆ ಒಬ್ಬ ಗೆಳೆಯನನ್ನು ಎದ್ದು ಆಚೆ ಕೂರಿಸಿ, ಅವನು ದಾರಿಯುದ್ದಕ್ಕೂ ಅಲ್ಲಿಯೇ ಇರುವಂತೆ ನೋಡಿಕೊಳ್ಳಿ.

ಎರಡೂ ಬದಿ ಸಮವಾದ ನಂತರವೂ ತುದಿಯಲ್ಲಿ ನೊರೆ ಉಳಿದರೆ ವೇಗವನ್ನು ಮುಟ್ಟಬೇಕು. ವೇಕ್‌ಬೋರ್ಡಿಂಗ್ ಸಾಮಾನ್ಯವಾಗಿ ಗಂಟೆಗೆ 30ರಿಂದ 38 ಕಿಲೋಮೀಟರ್ ವೇಗದಲ್ಲಿ ನಡೆಯುತ್ತದೆ. ವೇಗ ಕಡಿಮೆಯಾದಾಗ ದೋಣಿ ಆಳಕ್ಕೆ ಕೂತು ಅಲೆ ಕಡಿದಾಗಿ ಏಳುತ್ತದೆ, ಆದರೆ ತಲೆಭಾರ ತಾಳದೆ ಕುಸಿಯುತ್ತದೆ. ವೇಗ ಹೆಚ್ಚಿದಂತೆ ದೋಣಿ ನೀರಿನ ಮೇಲಕ್ಕೆ ಬಂದು, ಅಲೆ ಗಟ್ಟಿಯಾಗಿ, ಉದ್ದನೆಯ ಇಳಿಜಾರಿನಂತಾಗುತ್ತದೆ. ತೂಕ ಹೇರಿದಷ್ಟೂ ಆ ಅಲೆಯನ್ನು ನುಣುಪಾಗಿಸಲು ಬೇಕಾದ ವೇಗವೂ ಏರುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ನೀವು 400 ಲೀಟರ್ ಸೇರಿಸಿ ಹಳೆಯ ವೇಗದಲ್ಲೇ ಓಡಿಸಿರುವ ಸಾಧ್ಯತೆ ಇದೆ. ಒಂದೊಂದೇ ಕಿಲೋಮೀಟರ್ ಏರಿಸುತ್ತ ಹೋಗಿ, ನೊರೆ ಮಾಯವಾದ ವೇಗವನ್ನು ಬರೆದಿಟ್ಟುಕೊಳ್ಳಿ.

ನದೀಮುಖದಲ್ಲಿ ಆಡುವ ನಿಮಗೆ ಇಲ್ಲೊಂದು ಎಚ್ಚರಿಕೆ ಬೇಕು. ಫೋನಿನ ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ಆದರೆ ವೇಕ್ ರೂಪುಗೊಳ್ಳುವುದು ನೀರಿಗೆ ಹೋಲಿಸಿದ ವೇಗದಿಂದ. ಸಮುದ್ರದ ಇಳಿತದ ಹೊತ್ತಿನಲ್ಲಿ ಹೊಳೆ ಗಂಟೆಗೆ 2 ಕಿಲೋಮೀಟರಿನಂತೆ ಹೊರಕ್ಕೆ ಹರಿಯುತ್ತಿದ್ದರೆ, ಜಿಪಿಎಸ್ಸಿನಲ್ಲಿ ಒಂದೇ 34 ಕಂಡರೂ ಮೇಲ್ಮುಖವಾಗಿ ಹೋಗುವಾಗ ನೀರಿನ ಮಟ್ಟಿಗೆ ನಿಮ್ಮ ವೇಗ 36, ಕೆಳಮುಖವಾಗಿ ಬರುವಾಗ 32. ಹೋಗುವಾಗ ಚೆನ್ನಾಗಿದ್ದ ವೇಕ್ ಬರುವಾಗ ಕೆಟ್ಟಿತೆಂದು ಚಾಲಕನನ್ನು ಬೈಯುವ ಮೊದಲು ಹರಿವಿನ ದಿಕ್ಕು ನೋಡಿ.

ಇನ್ನು ತೂಕವನ್ನು ಹಿಂದೆ ಇಡಬೇಕೋ ಮುಂದೆಯೋ ಎಂಬ ಮಾತು. ಹಿಂದಿನ ತೂಕ ವೇಕನ್ನು ಎತ್ತರವಾಗಿ, ಕಡಿದಾಗಿ ಮಾಡುತ್ತದೆ. ಮುಂದಿನ ತೂಕ ಅದನ್ನು ಉದ್ದನೆಯ ಏರಾಗಿಸುತ್ತದೆ. ಕಲಿಯುವವರಿಗೆ ಎರಡನೆಯದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎತ್ತರದ ಮೋಹಕ್ಕೆ ನಾನೂ ಒಮ್ಮೆ ಬಿದ್ದಿದ್ದೇನೆ. ಹಿನ್ನೀರೊಂದರಲ್ಲಿ ಎರವಲು ದೋಣಿಯ ಹಿಂಭಾಗಕ್ಕೆ ಇದ್ದ ಮೂರೂ ಚೀಲಗಳನ್ನು ಪೇರಿಸಿದೆವು. ದೋಣಿಯ ಮೂತಿ ಆಕಾಶ ನೋಡಿತು, ಎಂಜಿನ್ ಗೋಳಾಡಿತು, ಚಾಲಕನಿಗೆ ಮುಂದೆ ಮೋಡ ಬಿಟ್ಟರೆ ಬೇರೇನೂ ಕಾಣಲಿಲ್ಲ. ಹಗ್ಗದ ತುದಿಯಲ್ಲಿ ಮೇಲೇಳಲಾಗದೆ ನೀರು ಕುಡಿಯುತ್ತಿದ್ದವನು ನಾನು. ಆದರೆ ಮುಂದಿನ ಭಾರವನ್ನೂ ಅತಿಮಾಡಬಾರದು. ಭಾರವಾದ ಮೂತಿಯ ದೋಣಿ ವೇಗ ಇಳಿಸಿ ತನ್ನದೇ ಅಲೆಗೆ ಎದುರಾದಾಗ ಮುಂಗಡೆಯಿಂದಲೇ ನೀರು ಒಳನುಗ್ಗುತ್ತದೆ. ದೋಣಿಯ ಫಲಕದಲ್ಲಿ ಬರೆದಿರುವ ಗರಿಷ್ಠ ಭಾರದಲ್ಲಿ ಜನ, ಸಾಮಾನು, ನೀರಿನ ಚೀಲ ಮೂರೂ ಸೇರಬೇಕು. ಜೊತೆಗೆ, ಚೀಲಗಳನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಬರಿದಾಗಿಡಿ, ಏಕೆಂದರೆ ಅರ್ಧ ತುಂಬಿದ ಚೀಲದ ನೀರು ತಿರುವಿನಲ್ಲಿ ತಗ್ಗಿದ ಬದಿಗೇ ಓಡಿ, ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನೀರಿನೊಳಗೆ ನೀರಿಗೆ ತೂಕವಿರುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನು. ಹಾಗಿರುವಾಗ ಕೆರೆಯ ನೀರನ್ನೇ ಚೀಲಕ್ಕೆ ತುಂಬಿ ದೋಣಿಯನ್ನು ಭಾರ ಮಾಡುವುದು ಹೇಗೆ ಸಾಧ್ಯ? — ಮಲ್ಲೇಶ್ವರದ ಓದುಗರು

ಉತ್ತರ: ನೀವು ಹೇಳಿಕೊಟ್ಟದ್ದು ಸರಿ. ಆದರೆ ಚೀಲ ಇರುವುದು ನೀರಿನೊಳಗಲ್ಲ, ದೋಣಿಯೊಳಗೆ. ನೀರು ತುಂಬಿದ ತೊಟ್ಟಿಯಲ್ಲಿ ಬಾಣಲೆಯೊಂದನ್ನು ತೇಲಿಬಿಟ್ಟು, ಅದೇ ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು ಬಾಣಲೆಗೆ ಸುರಿದರೆ ಬಾಣಲೆ ಕೆಳಕ್ಕೆ ಇಳಿಯುತ್ತದೆ. ಹೊರಗಿನ ನೀರಿನ ಮಟ್ಟಕ್ಕಿಂತ ಚೀಲ ಕೆಳಗಿದ್ದರೂ ಅದರ ಭಾರ ಹೊರುವುದು ದೋಣಿಯ ತಳವೇ. 500 ಲೀಟರ್ ಎಂದರೆ 500 ಕಿಲೋ, ಅಂದರೆ ಅರ್ಧ ಘನಮೀಟರ್ ನೀರನ್ನು ದೋಣಿ ಹೆಚ್ಚುವರಿಯಾಗಿ ಪಕ್ಕಕ್ಕೆ ತಳ್ಳಬೇಕು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತಾರ 10 ಚದರ ಮೀಟರ್ ಎಂದುಕೊಂಡರೆ, ಅದು ನಿಂತಲ್ಲೇ 5 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮರಳಿನ ಮೂಟೆಯನ್ನು ಬಿಟ್ಟು ನೀರನ್ನೇ ಬಳಸುವ ಕಾರಣ ಸರಳವಾದದ್ದು: ಆಟ ಮುಗಿದ ಮೇಲೆ ಪಂಪು ಹಾಕಿ ಹೊರಚೆಲ್ಲಿದರೆ ದೋಣಿ ಹಗುರವಾಗಿ ಮನೆಗೆ ಬರುತ್ತದೆ. ದೋಣಿಗೆ ಭಾರವಿಲ್ಲದೆ ಭಾರದ ಪರಿಣಾಮ ಕೊಡುವ ಉಪಾಯವೂ ಇದೆ. ದೋಣಿಯ ಹಿಂತುದಿಯಲ್ಲಿ ನೀರಿನೊಳಗೆ, ತಲೆಕೆಳಗಾಗಿಸಿದ ವಿಮಾನದ ರೆಕ್ಕೆಯಂತೆ ಕೆಲಸ ಮಾಡುವ ಪಟ್ಟಿಯೊಂದನ್ನು ಇಳಿಬಿಡುತ್ತಾರೆ. ದೋಣಿ ಓಡಿದಾಗ ಅದು ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಮಾಲಿಬು ಕಂಪನಿಯ ದೋಣಿಗಳಲ್ಲಿ ಇದಕ್ಕೆ ವೆಜ್ ಎಂಬ ಹೆಸರಿದೆ.

ಪ್ರಶ್ನೆ: ಹಲಸೂರು ಕೆರೆಯಲ್ಲಿ ಈಜುವ ಬಾತುಕೋಳಿಯ ಹಿಂದೆಯೂ ಹಡಗಿನ ಹಿಂದೆಯೂ ಒಂದೇ ಕೋನದ ಅಲೆ ಮೂಡುತ್ತದೆ ಎಂದು ಓದಿದ್ದೇನೆ. ವೇಗದ ದೋಣಿಯ ಚಿತ್ರಗಳಲ್ಲಿ ಮಾತ್ರ ಅದು ಬಹಳ ಕಿರಿದಾಗಿ ಕಾಣುತ್ತದೆ. ಏಕೆ? — ಬಸವನಗುಡಿಯ ಪದವಿ ವಿದ್ಯಾರ್ಥಿನಿ

ಉತ್ತರ: ನೀವು ಓದಿದ್ದು 1887ರಲ್ಲಿ ಲಾರ್ಡ್ ಕೆಲ್ವಿನ್ ತೋರಿಸಿಕೊಟ್ಟ ಫಲಿತಾಂಶ. ಆಳವಾದ ನೀರಿನಲ್ಲಿ ಸಾಗುವ ವಸ್ತುವಿನ ಅಲೆಗಳು, ಅದರ ದಾರಿಯ ಎರಡೂ ಬದಿಗೆ ಸುಮಾರು 19.5 ಡಿಗ್ರಿಯ ಬೆಣೆಯೊಳಗೆ ಇರುತ್ತವೆ. ಬಾತುಕೋಳಿಗೂ ಹಡಗಿಗೂ ಇದು ಹೊಂದುತ್ತದೆ. ಆದರೆ ನಿಮ್ಮ ಕಣ್ಣು ಕಂಡದ್ದೂ ಸುಳ್ಳಲ್ಲ. 2013ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ಮಾರ್ಕ್ ರಬೋ ಮತ್ತು ಫ್ರೆಡೆರಿಕ್ ಮೊಯ್ಸಿ, ಆಗಸದಿಂದ ತೆಗೆದ ದೋಣಿಗಳ ಚಿತ್ರಗಳನ್ನು ಅಳೆದು, ಉದ್ದಕ್ಕೆ ಹೋಲಿಸಿದರೆ ವೇಗ ಬಹಳ ಹೆಚ್ಚಿರುವ ದೋಣಿಗಳ ಹಿಂದೆ ಕಣ್ಣಿಗೆ ಎದ್ದು ಕಾಣುವ ಕೋನವು ವೇಗ ಏರಿದಂತೆ ಕಿರಿದಾಗುತ್ತದೆ ಎಂದು ತೋರಿಸಿದರು. ಒಂದು ದೋಣಿ ತನ್ನ ಉದ್ದಕ್ಕಿಂತ ಬಹಳ ಉದ್ದನೆಯ ಅಲೆಗಳನ್ನು ಬಲವಾಗಿ ಎಬ್ಬಿಸಲಾರದು. ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ ತಕ್ಕಂತೆ ದಾರಿಗೆ ಅಡ್ಡಲಾಗಿ ಏಳುವ ಅಲೆಯ ಉದ್ದ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗೆ ಇರುವ ದೂರ, ಸುಮಾರು 64 ಮೀಟರ್, ದೋಣಿಯೋ 6 ಮೀಟರ್. ಹಾಗಾಗಿ ಅದು ಎಬ್ಬಿಸುವ ಚಿಕ್ಕ ಅಲೆಗಳಷ್ಟೇ ಬಲವಾಗಿ ಕಾಣುತ್ತವೆ, ಅವು ಬೆಣೆಯ ಒಳಭಾಗದಲ್ಲಿ, ದಾರಿಗೆ ಹತ್ತಿರವಾಗಿ ಇರುತ್ತವೆ. ಬೆಣೆಯ ಹೊರ ಅಂಚು ಇದ್ದರೂ ಕಣ್ಣಿಗೆ ಬೀಳದಷ್ಟು ಮಂಕು.

ಪ್ರಶ್ನೆ: ಹಗ್ಗ ಎಷ್ಟು ಉದ್ದ ಇರಬೇಕು? — ಯಲಹಂಕದ ಓದುಗರು

ಉತ್ತರ: ದೋಣಿಯಿಂದ ದೂರ ಹೋದಂತೆ ಎರಡು ವೇಕ್‌ಗಳ ನಡುವಿನ ಅಂತರ ಹಿಗ್ಗುತ್ತದೆ, ಎತ್ತರ ಕುಗ್ಗುತ್ತದೆ. ಒಂದು ವೇಕ್‌ನಿಂದ ಹಾರಿ ಇನ್ನೊಂದರ ಆಚೆ ಇಳಿಯಲು ಇನ್ನೂ ಬಾರದವರಿಗೆ 50ರಿಂದ 60 ಅಡಿ, ಬಂದವರಿಗೆ 65ರಿಂದ 75 ಅಡಿ. ವೇಗ ಏರಿಸಿದರೆ ಹಗ್ಗವನ್ನೂ ಉದ್ದ ಮಾಡಿ.

ಪ್ರಶ್ನೆ: ತಿಂಗಳಿಗೆ ಎರಡು ಬಾರಿ ಕರಾವಳಿಗೆ ಓಡುವ ಬದಲು ಬೆಂಗಳೂರಿನ ಸುತ್ತಲಿನ ಯಾವುದಾದರೂ ಕೆರೆಯಲ್ಲಿ ಅನುಮತಿ ಪಡೆದು ಆಡಬಾರದೇಕೆ? — ರಾಜರಾಜೇಶ್ವರಿನಗರದ ಓದುಗರು

ಉತ್ತರ: ಅನುಮತಿಯ ಮಾತು ಹಾಗಿರಲಿ, ನಮ್ಮ ಕೆರೆಗಳ ಆಕಾರವೇ ಈ ಆಟಕ್ಕೆ ಒಗ್ಗುವುದಿಲ್ಲ. ಕೆರೆ ಎಂದರೆ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ನೀರು. ಏರಿಯ ಬುಡದಲ್ಲಿ, ತೂಬಿನ ಹತ್ತಿರ ಮಾತ್ರ ಆಳ, ನೀರು ಬಂದು ಸೇರುವ ಕಡೆಗೆ ಹೋದಂತೆ ಮೊಣಕಾಲುದ್ದ. ತಳ ಹತ್ತಿರವಾದಂತೆ ವೇಕ್ ತನ್ನ ರೂಪ ಕಳೆದುಕೊಳ್ಳುತ್ತದೆ, ಬಿದ್ದ ಸವಾರನಿಗೆ ಅಪಾಯವೂ ಹೆಚ್ಚು. ಕನಿಷ್ಠ 3 ಮೀಟರ್ ಆಳವಿಲ್ಲದ ಕಡೆ ನಾನು ಇಳಿಯುವುದಿಲ್ಲ. ಆ ಆಳ ಸಿಗುವುದು ಏರಿಯ ಪಕ್ಕದಲ್ಲೇ, ಅಲ್ಲಿ ಕಲ್ಲು ಹಾಸಿದ ಗೋಡೆಗೆ ಬಡಿದ ಅಲೆ ಮರಳಿ ಬಂದು ನಿಮ್ಮ ಮುಂದಿನ ಸುತ್ತನ್ನೇ ಕೆಡಿಸುತ್ತದೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಅರ್ಧ ಕಿಲೋಮೀಟರಿನ ನೇರ ದಾರಿ 50 ಸೆಕೆಂಡಿಗೆ ಮುಗಿಯುತ್ತದೆ, ಅದರಲ್ಲಿ ಸವಾರ ಎದ್ದು ನಿಲ್ಲುವುದಕ್ಕೇ ಒಂದಿಷ್ಟು ಹೋಗುತ್ತದೆ.

ದಡದ ಪ್ರಶ್ನೆಯೂ ಸಣ್ಣದಲ್ಲ. ಇನ್ನೂ ನಿಧಾನವಾಗಿ, ಗಂಟೆಗೆ 16ರಿಂದ 19 ಕಿಲೋಮೀಟರಿನಲ್ಲಿ, ದೋಣಿಯನ್ನು ಆಳಕ್ಕೆ ಕೂರಿಸಿ ಆಡುವ ವೇಕ್‌ಸರ್ಫಿಂಗಿನ ಅಲೆಗಳನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಅಳೆದು, 2022ರ ವರದಿಯಲ್ಲಿ, ಅಂಥ ದೋಣಿಗಳು ದಡದಿಂದ 500 ಅಡಿಗಿಂತ ದೂರದಲ್ಲಿ ಓಡಬೇಕೆಂದು ಸಲಹೆ ಮಾಡಿದ್ದಾರೆ. ಎರಡೂ ದಡಕ್ಕೆ 500 ಅಡಿ ಬಿಟ್ಟು ನಡುವೆ ದಾರಿ ಉಳಿಯುವ ಕೆರೆ ನಗರದಲ್ಲಿ ಎಷ್ಟಿದೆ, ಅಲ್ಲಿ ಗೂಡು ಕಟ್ಟುವ ನೀರುಕೋಳಿಗಳಿಗೆ ಏನಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ದೊಡ್ಡ ಹಿನ್ನೀರಿಗೆ ಹೋಗುವುದಾದರೆ ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲ್ಮೈಯ ಕೆಳಗೇ ನಿಂತಿರುತ್ತವೆ. ಊರಿನ ಮೀನುಗಾರರನ್ನು ಕೇಳದೆ ದೋಣಿ ಓಡಿಸಬೇಡಿ. ಬೆಳಗಿನ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳಿ. ಸವಾರ ಬಿದ್ದಾಗ ಚಾಲಕ ಅದೇ ವೇಗದಲ್ಲಿ ದೊಡ್ಡ ವೃತ್ತ ಹೊಡೆದು ಬರಬಾರದು, ಏಕೆಂದರೆ ಆ ವೃತ್ತದ ಅಲೆಗಳು ಎಲ್ಲ ದಿಕ್ಕಿಗೂ ಹರಡಿ ನೀರನ್ನು ಬಹಳ ಹೊತ್ತು ಕಲಕುತ್ತವೆ. ವೇಗವನ್ನು ಪೂರ್ತಿ ಇಳಿಸಿ, ನಿಧಾನವಾಗಿ ತಿರುಗಿ, ಹೋದ ದಾರಿಯಲ್ಲೇ ಮರಳಬೇಕು. ನೇರವಾದ ಒಂದೇ ಗೆರೆ, ಎರಡು ತುದಿಯಲ್ಲಿ ಸಣ್ಣ ಕುಣಿಕೆ: ಈ ಚಿತ್ರವನ್ನು ಕಾಗದದ ಮೇಲೆ ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿದರೆ, ಹಾಗೆ ಓಡಿಸಿದ ಅಲೆಗಳು ಎರಡೂ ಬದಿಯ ದೂರದ ದಡಕ್ಕೆ ಹೋಗಿ ಸಾಯುತ್ತವೆ, ನೀವು ಮರಳುವ ಹೊತ್ತಿಗೆ ನಡುವಿನ ನೀರು ಮತ್ತೆ ಕನ್ನಡಿಯಂತೆ ಕಾದಿರುತ್ತದೆ.