ಹೀಲಿಯಂ ಸಿಲಿಂಡರಿನ ಮೇಲಿನ 4.5, 5.0, 6.0: ಲ್ಯಾಬಿಗೆ ಯಾವುದು ಬೇಕು?

ವಿಜಯಪುರದಲ್ಲಿ ಸಣ್ಣ ಟೆಸ್ಟಿಂಗ್ ಲ್ಯಾಬ್ ಹಾಕುತ್ತಿದ್ದೀರಿ, ಡೀಲರ್ ಮೂರು ಗ್ರೇಡಿಗೆ ಮೂರು ದರ ಹೇಳಿದ್ದಾರೆ, ಬಲೂನಿಗೆ ತುಂಬುವ ಅಗ್ಗದ ಹೀಲಿಯಂನ್ನೇ ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಹಾಕಬ್ಯಾಡ್ರಿ. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಮಿಸ್ಟ್ ಆಗಿದ್ದೇನೆ. ಕಾಕಂಬಿಯಿಂದ ಇಳಿಸಿದ ಸ್ಪಿರಿಟ್‌ನಲ್ಲಿ ಮೆಥನಾಲ್ ಎಷ್ಟಿದೆ, ಅಸಿಟಾಲ್ಡಿಹೈಡ್ ಎಷ್ಟಿದೆ ಎಂದು ದಿನಾ ಜಿಸಿಯಲ್ಲೇ, ಅಂದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫಿಯಲ್ಲೇ, ನೋಡುತ್ತೇವೆ. ಅದರಲ್ಲಿ ಹೀಲಿಯಂ ಸ್ಯಾಂಪಲ್ಲಿನ ಆವಿಯನ್ನು ಕಾಲಂ ಎಂಬ ಉದ್ದನೆಯ ಸಣ್ಣ ಕೊಳವೆಯೊಳಗೆ ಒಯ್ಯುತ್ತದೆ; ಒಂದೊಂದು ವಸ್ತುವೂ ಬೇರೆಯಾಗಿ ಡಿಟೆಕ್ಟರಿಗೆ ಬಂದು ಗ್ರಾಫಿನಲ್ಲಿ ಒಂದೊಂದು ಪೀಕ್ ಮೂಡಿಸುತ್ತದೆ.

ಮೊದಲು ಆ ಅಂಕಿಗಳ ಲೆಕ್ಕ. ಚುಕ್ಕೆಯ ಹಿಂದಿನ ಅಂಕಿ ಎಷ್ಟು ಒಂಬತ್ತುಗಳಿವೆ ಎಂದು ಹೇಳುತ್ತದೆ, ಮುಂದಿನದು ಅವುಗಳ ಕೊನೆಗೆ ಬರುವ ಅಂಕಿ. 4.5 ಎಂದರೆ ಶೇ 99.995, 5.0 ಎಂದರೆ ಶೇ 99.999, 6.0 ಎಂದರೆ ಶೇ 99.9999. ಹೀಗೆ ನೋಡಿದರೆ ಮೂರೂ ಒಂದೇ ಅನ್ನಿಸುತ್ತದೆ. ಕಸವನ್ನು ಲೆಕ್ಕ ಹಾಕಿ ನೋಡಿ: ಹತ್ತು ಲಕ್ಷ ಭಾಗದಲ್ಲಿ ಕ್ರಮವಾಗಿ 50, 10, 1. ಐವತ್ತಕ್ಕೂ ಒಂದಕ್ಕೂ ಇರುವ ಅಂತರ ನಿಮ್ಮ ಕಾಲಂಗೆ ಗೊತ್ತಾಗುತ್ತದೆ.

ಒಂದು ವರ್ಷ ಕಬ್ಬು ನುರಿಸುವ ಸೀಸನ್ನಿನ ನಡುವೆಯೇ ನಮ್ಮ 5.0 ಮುಗಿಯಿತು. ಹೊಸದು ಬರಲು ನಾಲ್ಕು ದಿನ. ಸಪ್ಲೈಯರ್ ಒಬ್ಬರು "ಹೀಲಿಯಂ ಎಲ್ಲಾ ಒಂದೇ ಸರ್" ಎಂದು ಸರ್ಟಿಫಿಕೇಟ್ ಇಲ್ಲದ ಸಿಲಿಂಡರ್ ಇಳಿಸಿಹೋದರು, ನಾನೂ ಹಾಕಿಸಿಕೊಂಡೆ. ಮೊದಲ ದಿನ ಏನೂ ತಿಳಿಯಲಿಲ್ಲ. ಮೂರನೆಯ ದಿನ ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿದ: "ಸರ, ಬೇಸ್‌ಲೈನ್ ಏರಕೋಂತ ಹೊಂಟೈತ್ರಿ, ನಿಲ್ಲವಲ್ದು." ಹೋಗಿ ನೋಡಿದರೆ, ಪೀಕ್ ಇಲ್ಲದಾಗ ಸಮನಾಗಿ ಇರಬೇಕಾದ ಆ ಗೆರೆ ಕಾಲಂ ಇರುವ ಓವನ್ ಬಿಸಿಯಾದಂತೆ ಮೇಲೇಳುತ್ತಿತ್ತು, ಮೆಥನಾಲ್ ಪೀಕಿಗೆ ಉದ್ದನೆಯ ಬಾಲ ಬಂದಿತ್ತು. ಗ್ಯಾಸಿನಲ್ಲಿನ ಆಕ್ಸಿಜನ್ ಹಿಡಿದಿಡುವ ಟ್ರ್ಯಾಪ್‌ನ ಬಣ್ಣ ತುದಿಯವರೆಗೂ ಬದಲಾಗಿತ್ತು. ನಮ್ಮದು ವ್ಯಾಕ್ಸ್ ಕಾಲಂ. ಅದರ ಒಳಲೇಪ ಬಿಸಿಯಲ್ಲಿ ಆಕ್ಸಿಜನ್ ತಾಗಿದರೆ ಕೆಡುತ್ತದೆ, ಕೆಟ್ಟದ್ದು ಗ್ಯಾಸಿನ ಜೊತೆಗೇ ಡಿಟೆಕ್ಟರಿಗೆ ಹರಿದು ಬರುತ್ತದೆ. ಕಾಲಂ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು, ಆ ಮೂರು ದಿನ ನಾನು ಸಹಿ ಹಾಕಿದ ರಿಪೋರ್ಟುಗಳ ಮೇಲೆ ನನಗೇ ನಂಬಿಕೆ ಉಳಿಯಲಿಲ್ಲ. ತೆಗೆದಿಟ್ಟ ಸ್ಯಾಂಪಲ್‌ಗಳನ್ನೆಲ್ಲ ಮತ್ತೆ ಓಡಿಸಿದೆವು.

ಹಾಗಾಗಿ ನಿಮಗೆ 5.0 ಸಾಕು, ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಂಕಿ ನೋಡಿ ಸುಮ್ಮನಾಗದೆ ಆ ಬ್ಯಾಚಿನ ಸರ್ಟಿಫಿಕೇಟ್ ಕೇಳಿ, ತೇವಾಂಶ, ಆಕ್ಸಿಜನ್, ಹೈಡ್ರೊಕಾರ್ಬನ್ ಮೂರೂ ಬೇರೆ ಬೇರೆ ಬರೆದಿವೆಯೇ ನೋಡಿ. ಮಾಸ್ ಸ್ಪೆಕ್ಟ್ರೊಮೀಟರ್ ಇಟ್ಟು ಅತಿ ಸಣ್ಣ ಪ್ರಮಾಣ ಹುಡುಕುವವರು 5.5 ಅಥವಾ 6.0 ತೆಗೆದುಕೊಳ್ಳಲಿ, ಚಿಪ್ ತಯಾರಿಸುವವರಿಗೂ ಅದೇ ಬೇಕು. ಆದರೆ ಪೈಪಿನ ಜೋಡಣೆ ಎಲ್ಲಾದರೂ ಸಡಿಲವಿದ್ದರೆ 6.0ಕ್ಕೆ ಕೊಟ್ಟ ದುಡ್ಡು ದಂಡ, ಗಾಳಿ ಅಲ್ಲಿಂದಲೇ ಒಳಗೆ ಬರುತ್ತದೆ. ಲೀಕ್ ನೋಡಲು ಸೋಪಿನ ನೀರು ಹಚ್ಚಬೇಡಿ, ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ತನ್ನಿ. ಸಿಲಿಂಡರ್ ಪೂರ್ತಿ ಬರಿದಾಗುವವರೆಗೂ ಎಳೆಯಬೇಡಿ. ಒತ್ತಡ ಇಳಿದಂತೆ ಒಳಗೋಡೆಗೆ ಅಂಟಿದ ತೇವ ಬಿಡತೊಡಗುತ್ತದೆ. ನಾವು 15 ಬಾರ್‌ಗೆ ಬಂದ ಕೂಡಲೇ ಬದಲಿಸುತ್ತೇವೆ.

4.5, 4.6 ಕೆಟ್ಟ ಗ್ಯಾಸ್ ಅಲ್ಲ. ವೆಲ್ಡಿಂಗ್‌ಗೆ, ಲೀಕ್ ಟೆಸ್ಟಿಂಗ್‌ಗೆ ಧಾರಾಳವಾಗಿ ನಡೆಯುತ್ತದೆ. ಎಂಆರ್‌ಐ ಯಂತ್ರದ ಕಾಂತವನ್ನು ತಣ್ಣಗಿಡುವುದು ದ್ರವ ಹೀಲಿಯಂ, ಮೈನಸ್ 269 ಡಿಗ್ರಿಯದು. ಆ ಚಳಿಯಲ್ಲಿ ಬೇರೆ ಯಾವ ಗ್ಯಾಸ್ ಸೇರಿದ್ದರೂ ಹೆಪ್ಪುಗಟ್ಟಿ ಕೂರುತ್ತದೆ, ಹಾಗಾಗಿ ಅಲ್ಲಿಯೂ ಕಸ ನಡೆಯುವುದಿಲ್ಲ.

ಬಲೂನ್ ಗ್ಯಾಸಿನ ಕೆಲಸ ಮೇಲೇರುವುದಷ್ಟೇ; ಅದರಲ್ಲಿ ಗಾಳಿ ಎಷ್ಟಿದೆ, ತೇವ ಎಷ್ಟಿದೆ ಎಂದು ಯಾರೂ ಬರೆದುಕೊಡುವುದಿಲ್ಲ. ಇನ್ನೊಂದು ಮಾತು, ದಯವಿಟ್ಟು ಮನೆಯಲ್ಲೂ ಹೇಳಿ. ದನಿ ಕೀರಲಾಗುತ್ತದೆಂದು ಮಕ್ಕಳು ಅದನ್ನು ಬಾಯಿಂದ ಎಳೆದುಕೊಳ್ಳುತ್ತಾರೆ. ಹೀಲಿಯಂ ವಿಷವಲ್ಲ, ಆದರೆ ಪುಪ್ಪುಸದಲ್ಲಿ ಆಕ್ಸಿಜನ್ನಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ, ಎಚ್ಚರ ತಪ್ಪಲು ಹೆಚ್ಚು ಹೊತ್ತು ಬೇಡ. ಜಾತ್ರೆಗಳಲ್ಲಿ ಕೆಲವರು ತುಂಬುವುದು ಹೀಲಿಯಂ ಅಲ್ಲ, ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂನಿಂದ ಅಲ್ಲೇ ಎಬ್ಬಿಸಿದ ಹೈಡ್ರೋಜನ್. ಒಂದು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ನೀವು ಕೇಳಿಲ್ಲ, ಆದರೂ ನಮ್ಮ ಸೀಮೆಯವರು ಅಂತ ಹೇಳುತ್ತೇನೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರಗಳ ಮೇಲೆಯೇ ಹಾದುಹೋಗಿತ್ತು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಜಮಖಂಡಿಯಲ್ಲಿ ಸ್ಪೆಕ್ಟ್ರೊಸ್ಕೋಪ್ ಹೂಡಿ ಕೂತಿದ್ದರು; ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಯಾವ ಧಾತುವಿನ ಗೆರೆ ಎಲ್ಲಿದೆ ಎಂದು ತೋರಿಸುವ ಉಪಕರಣ ಅದು. ಮಳೆಗಾಲದ ಮೋಡದ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಯಿಂದ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂ ಗೆರೆಯ ಜಾಗದಲ್ಲೇ ಇದೆ ಎಂದು ಅವರು ಅಳೆದರು. ಅದು ಸೋಡಿಯಂ ಅಲ್ಲ, ಅದರ ಪಕ್ಕದ ಬೇರೆಯೇ ಗೆರೆ ಎಂದು ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಖಗೋಳ ವಿಜ್ಞಾನಿ ಲಾಕಿಯರ್ ಗುರುತಿಸಿದರು. ಹೀಲಿಯಂನ ಗೆರೆ ಅದು. ಭೂಮಿಯ ಮೇಲಿನ ಹೀಲಿಯಂ ರಸಾಯನ ವಿಜ್ಞಾನಿ ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ. ನಮ್ಮ ಲ್ಯಾಬಿಗೆ ಟ್ರೈನಿಂಗಿಗೆ ಬರುವ ಹುಡುಗರಿಗೆ ಸಿಲಿಂಡರ್ ತೋರಿಸುವಾಗ ನಾನು ಮೊದಲು ಹೇಳುವುದೇ ಜಮಖಂಡಿಯ ಈ ಕಥೆ, ರೆಗ್ಯುಲೇಟರ್ ಆಮೇಲೆ.