ಎಕ್ಸ್-ರೇಯಲ್ಲಿ ಏನೂ ಇಲ್ಲ, ಆದರೂ ಕೆನ್ನೆಯಲ್ಲಿ ಕೀವು ಯಾಕೆ?

ಪ್ರಶ್ನೆ: ಮೂರು ವಾರದ ಹಿಂದೆ ನನ್ನ ತಮ್ಮ ಬನಶಂಕರಿಯಲ್ಲಿ ರಸ್ತೆ ಗುಂಡಿ ತಪ್ಪಿಸಲು ಹೋಗಿ ಸ್ಕೂಟರಿನಿಂದ ಬಿದ್ದ. ಕಟ್ಟಡದ ಕೆಲಸಕ್ಕೆ ತಂದಿದ್ದ ಬೊಂಬಿನ ರಾಶಿಗೆ ಮುಖ ಬಡಿಯಿತು. ಅವತ್ತೇ ಎಕ್ಸ್-ರೇ ತೆಗೆದು, ಏನೂ ಇಲ್ಲ ಅಂತ ಕೆನ್ನೆಗೆ ಹೊಲಿಗೆ ಹಾಕಿದರು. ಈಗ ಅಲ್ಲೇ ಊತ, ಆಗಾಗ ಕೀವು. ಬೇರೆ ಡಾಕ್ಟರು ಅಲ್ಟ್ರಾಸೌಂಡ್ ಮಾಡಿಸಿ ಅಂದಿದ್ದಾರೆ. ಅದು ಬಸುರಿಯರಿಗೆ ಮಾಡುವುದಲ್ವಾ? ದುಡ್ಡು ಹೋದರೂ ಪರವಾಗಿಲ್ಲ, ನೇರವಾಗಿ ಎಂ.ಆರ್.ಐ. ಮಾಡಿಸಬಹುದಾ?

ಉತ್ತರ: ಬೊಂಬಿನ ಸಿಬಿರು ಕೆನ್ನೆಯೊಳಗೆ ಉಳಿದಿರಬಹುದು, ಮೊದಲು ಅಲ್ಟ್ರಾಸೌಂಡೇ ಮಾಡಿಸಿ. ದುಬಾರಿ ಸ್ಕ್ಯಾನೇ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಳಗೆ ಹೊಕ್ಕಿದ್ದು ಏನು, ಎಷ್ಟು ಆಳದಲ್ಲಿದೆ ಅನ್ನುವುದರ ಮೇಲೆ ಸ್ಕ್ಯಾನ್ ಆರಿಸಬೇಕು.

ಎಕ್ಸ್-ರೇಯಲ್ಲಿ ಲೋಹ, ಜಲ್ಲಿಕಲ್ಲು ಕಾಣುತ್ತವೆ. ಗಾಜು ಕಾಣಲ್ಲ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಿಲ್ಲ, ಸೀಸವಿಲ್ಲದ ಮಾಮೂಲಿ ಗಾಜೂ ಕಾಣುತ್ತದೆ. ತೀರಾ ಸಣ್ಣ ಚೂರು ಮುಖದ ಮೂಳೆಗಳ ನೆರಳಲ್ಲಿ ಅಡಗಬಹುದು, ಅಷ್ಟೆ. ಆದರೆ ಮರ, ಬೊಂಬು, ಮುಳ್ಳು, ಪ್ಲಾಸ್ಟಿಕ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ನಿಮ್ಮ ತಮ್ಮನ ಎಕ್ಸ್-ರೇ ಸುಳ್ಳು ಹೇಳಿಲ್ಲ. ಬೊಂಬಿನ ಬಗ್ಗೆ ಅದು ಏನನ್ನೂ ಹೇಳಲಾರದು.

ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗಿರುವ ಸಿಬಿರು ಹುಡುಕಲು ಅಲ್ಟ್ರಾಸೌಂಡ್ ಬಹಳ ಚೆನ್ನಾಗಿದೆ. ಬೊಂಬಿನ ಚೂರು ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಹಳೆಯದಾದರೆ ಸುತ್ತ ಊತ, ಕೀವಿನ ಕಪ್ಪು ಅಂಚು ಕಟ್ಟಿಕೊಂಡು ಇನ್ನೂ ಎದ್ದು ಕಾಣುತ್ತದೆ. ಮೂರು ವಾರ ತಡವಾದದ್ದು ಇಲ್ಲಿ ಒಂದು ರೀತಿ ಅನುಕೂಲವೇ! ಸಿಕ್ಕ ಜಾಗಕ್ಕೆ ಚರ್ಮದ ಮೇಲೆ ಗುರುತು ಹಾಕಿಸಿಕೊಂಡರೆ ಸರ್ಜನ್ನರು ಸುಮ್ನೆ ಹುಡುಕಾಡುವುದು ತಪ್ಪುತ್ತದೆ. ಆದರೆ ಅಲ್ಟ್ರಾಸೌಂಡಿನ ಶಬ್ದದ ಅಲೆ ಮೂಳೆಯನ್ನೂ ಗಾಳಿಯನ್ನೂ ದಾಟುವುದಿಲ್ಲ. ಮಾಡುವವರ ಕೈಯೂ ಪಳಗಿರಬೇಕು.

ಚೂರು ಮೂಳೆಯ ಹಿಂದೆ, ಮುಖದ ಮೂಳೆಯೊಳಗಿನ ಗಾಳಿ ಗೂಡಾದ ಸೈನಸ್‌ನಲ್ಲಿ ಅಥವಾ ಕಣ್ಣಿನ ಗೂಡಿನಲ್ಲಿದ್ದರೆ ತೆಳು ಪದರಗಳ ಸಿ.ಟಿ. ಬೇಕು, ಅಂದರೆ ಎಕ್ಸ್-ರೇಯಿಂದಲೇ ಪದರ ಪದರವಾಗಿ ಚಿತ್ರ ತೆಗೆಯುವ ಸ್ಕ್ಯಾನ್. ಕಾರಿನ ಗಾಜು ಒಡೆದು ಆದ ಆಳದ ಗಾಯಕ್ಕೂ ಅದೇ ಸೂಕ್ತ. ಮರದ ವಿಷಯದಲ್ಲಿ ಮಾತ್ರ ಸಿ.ಟಿ. ಕೂಡ ಮೋಸ ಮಾಡುತ್ತದೆ. ಅದರ ಸಾಂದ್ರತೆಯ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000; ಅಂಕಿ ಇಳಿದಷ್ಟೂ ಚಿತ್ರದಲ್ಲಿ ಕಪ್ಪು. ಒಣ ಮರದೊಳಗೆ ಗಾಳಿ ತುಂಬಿರುವುದರಿಂದ ಅದು ಕಪ್ಪಾಗಿ, ಗಾಳಿಗುಳ್ಳೆಯ ಹಾಗೇ ಕಾಣುತ್ತದೆ. ಆ ‘ಗುಳ್ಳೆ’ಗೆ ನೇರ ಅಂಚಿದ್ದರೆ ಸ್ಕ್ಯಾನ್ ಓದುವ ನಾವು ಅನುಮಾನ ಪಡುತ್ತೇವೆ. ದಿನ ಕಳೆದಂತೆ ಮರ ನೀರು ಹೀರಿ ಸುತ್ತಲಿನ ಮಾಂಸದ ಬಣ್ಣಕ್ಕೇ ಬಂದುಬಿಡುತ್ತದೆ. ಹಾಗಾಗಿ ಸ್ಕ್ಯಾನ್ ಚೀಟಿಯಲ್ಲಿ ‘ಬೊಂಬು ಚುಚ್ಚಿದೆ’ ಅಂತ ಬರೆಸಿಕೊಳ್ಳಿ. ಬರೀ ‘ಮುಖದ ಗಾಯ’ ಅಂತಿದ್ದರೆ ನಮ್ಮ ಕಣ್ಣು ಮೊದಲು ಮೂಳೆ ಮುರಿತದ ಕಡೆಗೇ ಹೋಗುತ್ತದೆ.

ಹಲ್ಲಿನ ಆಸ್ಪತ್ರೆಗಳಲ್ಲಿರುವ ಕೋನ್ ಬೀಮ್ ಸಿ.ಟಿ. ಹಲ್ಲು, ಲೋಹ, ಗಾಜಿಗೆ ಸರಿ. ಬೊಂಬಿಗೆ ಅಷ್ಟಾಗಿ ಆಗದು.

ಎಂ.ಆರ್.ಐ. ದೊಡ್ಡ ಅಯಸ್ಕಾಂತ. ಒಳಗೆ ಕಬ್ಬಿಣದ ಚೂರಿದ್ದರೆ ಅದು ಸರಿದಾಡಬಹುದು. ಕಣ್ಣಿನಲ್ಲಿದ್ದರೆ ದೃಷ್ಟಿಯೇ ಹೋಗಬಹುದು. ಬೊಂಬಿನ ರಾಶಿಯಲ್ಲಿ ಮೊಳೆ, ತಂತಿ ಇರುವುದು ಮಾಮೂಲಿ ಅಲ್ವಾ? ಲೋಹ ಇಲ್ಲ ಅಂತ ಖಚಿತವಾಗಿ, ಉಳಿದ ಸ್ಕ್ಯಾನ್‌ಗಳಲ್ಲಿ ಏನೂ ಸಿಗದೆ, ಅನುಮಾನ ಉಳಿದಾಗ ಮಾತ್ರ ಅದರ ಸರದಿ.

ಅಲ್ಲಿಯವರೆಗೆ ಊತವನ್ನು ಹಿಂಡಬೇಡಿ. ಆಂಟಿಬಯಾಟಿಕ್ ಕೊಟ್ಟಾಗ ಕೀವು ಇಳಿದು, ನಿಲ್ಲಿಸಿದ ಮೇಲೆ ಮತ್ತೆ ಬಂದರೆ ಒಳಗೆ ಚೂರು ಉಳಿದಿರುವ ಸಾಧ್ಯತೆ ಜಾಸ್ತಿ. ಅದನ್ನು ತೆಗೆಯಲೇಬೇಕು. ಕಣ್ಣು ಊದಿದರೆ ಅಥವಾ ಮಂಜಾದರೆ ಸ್ಕ್ಯಾನ್ ದಿನಕ್ಕೆ ಕಾಯದೆ ಅವತ್ತೇ ಮಿಂಟೋ ಅಥವಾ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.